ಎರಡು ಸುತ್ತು ಸುತ್ತಿ ಒತ್ತುವ ಬೆರಳು

ಮನೆ, ಹಿಂದಿನ ಕೋಣೆ
ಮಾರ್ಚ್ ೧೨, ಗುರುವಾರ ಬೆಳಿಗ್ಗೆ

ನಮ್ಮನೆ ಯಜಮಾನರಿಗೆ,

ನಾನೂ ಅತ್ತೆಯೂ ಚೆನ್ನಾಗಿದ್ದೇವೆ. ನೀವು ಹೇಗಿದ್ದೀರಿ? ಸುರಂಗದ ಧೂಳಿಗೆ ಹತ್ತಿಕೊಂಡಿದ್ದ ಕೆಮ್ಮು ಹೋಯಿತೇ? ಬೆನ್ನು ನೋವು? ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಬಲಗೈ ತೋರುಬೆರಳು ಹೇಗಿದೆ? ಈಚೆಗೆ ಅದಕ್ಕೆ ಕೆಲಸ ಜಾಸ್ತಿ ಎಂದು ತಿಳಿಯಿತು, ಅದಕ್ಕೇ ಕೇಳಿದೆ. ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳೆಂದು ಹುಬ್ಬೇರಿಸಬೇಡಿ. ಫೋನಿನಲ್ಲಾದರೆ ನೀವು ನಡುನಡುವೆ ಬಾಯಿ ಹಾಕುತ್ತೀರಿ. ಕಂಪ್ಯೂಟರಿನಲ್ಲಿ ಯಾಕೆ ಬರೆಯಲಿಲ್ಲ ಎಂಬುದು ಓದುತ್ತ ಹೋದರೆ ಗೊತ್ತಾಗುತ್ತದೆ. ಬಹುಶಃ ಈಗಲೇ ಗೊತ್ತಾಗಿದೆ.

ನಿಮಗೆ ತಿಳಿದಿರುವುದನ್ನೇ ಮೊದಲಿನಿಂದ ಹೇಳುತ್ತೇನೆ, ಏಕೆಂದರೆ ಏನೂ ತಿಳಿಯದವರ ಹಾಗೆ ಇರುವುದರಲ್ಲಿ ನಿಮ್ಮನ್ನು ಮೀರಿಸಿದವರಿಲ್ಲ. ನನ್ನ ಕಸೂತಿ ಯಂತ್ರ ಹಳೆಯ ಕಂಪ್ಯೂಟರ್ ಹೇಳಿದರೆ ಮಾತ್ರ ಸೂಜಿ ಎತ್ತುತ್ತದೆ. ವಿನ್ಯಾಸ ಬಿಡಿಸುವುದು ನೀವು ತಂದುಕೊಟ್ಟ ಹೊಸದರಲ್ಲಿ. ಹಳೆಯದರಲ್ಲಿ ಪೆನ್‌ಡ್ರೈವ್ ಚುಚ್ಚುವ ಜಾಗಗಳು ಹೋದ ವರ್ಷವೇ ಕೆಟ್ಟುಹೋಗಿವೆ. ಹಾಗಾಗಿ ಹೊಸದರಲ್ಲಿರುವ ‘ಹೊಲಿಗೆ’ ಎಂಬ ಫೋಲ್ಡರನ್ನು ಹಳೆಯದು ವೈರಿನ ಮೂಲಕವೇ ತೆರೆದು ಓದಿಕೊಳ್ಳಬೇಕು, ಬೇರೆ ದಾರಿಯಿಲ್ಲ. ನರ್ಸಿಂಗ್ ಶಾಲೆಗೆ ಹನ್ನೊಂದನೇ ತಾರೀಖಿನೊಳಗೆ ಇನ್ನೂರ ನಲವತ್ತು ಬ್ಯಾಡ್ಜು ಕೊಡಬೇಕಿತ್ತು. ಪ್ರತಿ ಬ್ಯಾಡ್ಜಿನಲ್ಲೂ ದೀಪದ ಚಿತ್ರ, ಅದರ ಕೆಳಗೆ ಒಬ್ಬೊಬ್ಬ ಹುಡುಗಿಯ ಹೆಸರು. ಹೆಸರುಗಳ ಪಟ್ಟಿ ದಿನಕ್ಕಿಷ್ಟು ಎಂದು ಬರುತ್ತಿತ್ತು, ಆದ್ದರಿಂದ ಫೈಲುಗಳೂ ದಿನಾ ಈ ಕಡೆಯಿಂದ ಆ ಕಡೆಗೆ ಹೋಗಲೇಬೇಕಿತ್ತು. ಹೊರಡುವ ದಿನ ಬಾಗಿಲಲ್ಲಿ ಚೀಲ ಹಿಡಿದು ನಿಂತು ನೀವು ಹೇಳಿದ್ದಿರಿ, “ಇದೊಂದು ಆರ್ಡರ್ ನಿನ್ ಕೈಲಿ ಆಗ್ಲಿಲ್ಲ ಅಂದ್ರೆ ಮಷಿನ್ ಮಾರ್ಬಿಡೋಣ. ಆಮೇಲೆ ಮಾತಿಲ್ಲ.” ನಾನು ಹೂಂ ಎಂದೆ. ಹನ್ನೆರಡು ವರ್ಷದ ನನ್ನ ಕೆಲಸವನ್ನು ಒಂದು ‘ಹೂಂ’ಗೆ ಕಟ್ಟಿಹಾಕಿದೆ. ನನ್ನ ಕೈಯ ಮೇಲೆ ನನಗೆ ಅಷ್ಟು ನಂಬಿಕೆ ಇತ್ತು. ನಿಮ್ಮ ಮೇಲೂ ಇತ್ತು, ಅದೇ ತಪ್ಪಾಯಿತು.

ನೀವು ಹೋದ ಮೂರನೇ ದಿನವೇ ಹಳೆಯದಕ್ಕೆ ಹೊಸದು ಕಾಣದಾಯಿತು. ವೈರು ಬದಲಿಸಿದೆ. ಪಾಸ್‌ವರ್ಡ್ ಹೊಸದಾಗಿ ಕೊಟ್ಟೆ. ಎರಡಕ್ಕೂ ಒಂದೇ ಗುಂಪಿನ ಹೆಸರು ಇದೆಯೇ ಎಂದು ಅಕ್ಷರ ಅಕ್ಷರ ಕೂಡಿಸಿ ನೋಡಿದೆ. ಕಡೆಗೆ ರಿಪೇರಿಯವರನ್ನು ಕರೆಸಿದೆ, ಅದೇ ನಾವು ‘ಆಫ್-ಆನ್ ರಾಯರು’ ಎಂದು ಹಿಂದಿನಿಂದ ನಗುತ್ತೇವಲ್ಲ, ಅವರೇ. ನಗಬಾರದಿತ್ತು, ಅವರು ಕಾರಣ ಕಂಡುಹಿಡಿದರು. ಹಳೆಯ ಕಂಪ್ಯೂಟರಿನ ಮಾತಿನ ರೀತಿಯೇ ಹಳೆಯದಂತೆ. ಹೊಸದು ಅದನ್ನು ಅಪಾಯವೆಂದು ಕಿವಿಗೇ ಹಾಕಿಕೊಳ್ಳುವುದಿಲ್ಲವಂತೆ. ಹೊಸದರ ಸೆಟ್ಟಿಂಗಿನ ಮೂಲೆಯಲ್ಲಿ ಒಂದು ಪುಟ್ಟ ಚೌಕವಿದೆ, ಅದಕ್ಕೆ ಟಿಕ್ ಹಾಕಿದರೆ ಒಪ್ಪಿಕೊಳ್ಳುತ್ತದಂತೆ. ಹಾಕಿದರು, ಒಪ್ಪಿಕೊಂಡಿತು, ಅಂದು ಹದಿನಾಲ್ಕು ಬ್ಯಾಡ್ಜು ಮುಗಿಸಿದೆ. ಮಾರನೇ ಮಧ್ಯಾಹ್ನ ನೋಡಿದರೆ ಟಿಕ್ ಮಾಯ. ನಾನೇ ಹಾಕಿದೆ. ಮತ್ತೆ ಮಾಯ. ಹೀಗೆ ಐದು ಸಲ. ನನಗೇ ತಲೆ ಕೆಟ್ಟಿದೆಯೇನೋ ಎಂದು ಹಾಕಿದ ಹೊತ್ತನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡತೊಡಗಿದೆ. ನಿಮಗೆ ಫೋನಿನಲ್ಲಿ ಹೇಳಿಕೊಂಡು ಅತ್ತಿದ್ದೂ ಆಯಿತು. ನೀವು ಎಷ್ಟು ಮೃದುವಾಗಿ ಹೇಳಿದಿರಿ, “ಹಳೇ ಡಬ್ಬ ಕಣೇ ಅದು, ಎಷ್ಟು ಅಂತ ಹೆಣಗ್ತೀಯ, ಬಿಟ್ಬಿಡು.” ಆ ಮಾತಿಗೆ ನನ್ನ ಮನಸ್ಸು ಕರಗಿತ್ತು. ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಗುಟ್ಟು ಹಿಡಿದುಕೊಟ್ಟವರು ನಿಮ್ಮ ತಾಯಿ. ಈ ಮನೆಗೆ ಬಂದಾಗಿನಿಂದ ನನಗೂ ಅವರಿಗೂ ಎಣ್ಣೆ-ಸೀಗೆಕಾಯಿ ಎಂಬುದನ್ನು ನೀವೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದೀರಿ. ಮೂರನೇ ತಾರೀಖು ಮಧ್ಯಾಹ್ನ ನಾನು ದಾರದ ಅಂಗಡಿಗೆ ಹೋಗಿದ್ದೆ. ಅವರು ಹಿಂದಿನ ಕೋಣೆಯಲ್ಲಿ ಕೂತು ಉಗುರು ಕತ್ತರಿಯಿಂದ ಬ್ಯಾಡ್ಜುಗಳ ಹೆಚ್ಚುವರಿ ಎಳೆ ಕತ್ತರಿಸುತ್ತಿದ್ದರಂತೆ. ನಾನು ಬರುವಷ್ಟರಲ್ಲಿ ಕತ್ತರಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. “ಕಂಪ್ಯೂಟರ್ ಪರದೆ ಮೇಲೆ ಆ ಬಾಣದ ಗುರುತು ತಾನಾಗೇ ಓಡಾಡ್ತಿತ್ತು ಕಣೇ. ಮೊದ್ಲು ದೆವ್ವ ಅಂದ್ಕೊಂಡೆ. ಒಳಗಿರೋದನ್ನ ಒಂದೊಂದೇ ತೆಗೆದು ನೋಡ್ತು, ಮುಚ್ತು. ಒತ್ತೋಕೆ ಮುಂಚೆ ಎರಡು ಸುತ್ತು ಸುತ್ತುತ್ತೆ. ದೆವ್ವ ಅಲ್ಲ, ನಮ್ಮವನೇ.” ಲಿಫ್ಟಿನ ಗುಂಡಿ ಇರಲಿ, ಕರೆಗಂಟೆ ಇರಲಿ, ಗಾಳಿಯಲ್ಲಿ ಬೆರಳನ್ನು ಎರಡು ಸುತ್ತು ಸುತ್ತದೆ ನೀವು ಒತ್ತಿದವರಲ್ಲ. ಅಂಬೆಗಾಲಿಡುವಾಗ ರೇಡಿಯೋ ಮುಂದೆ ಶುರುವಾದ ಚಟವಂತೆ ಅದು. ನಾನು ನಕ್ಕು ಒಳಗೆ ಹೋದೆ. ಕೈಕಾಲು ತೊಳೆಯುವಾಗ ನೆನಪಾಯಿತು. ಹೊಸ ಕಂಪ್ಯೂಟರ್ ತಂದ ದಿನ ನೀವೇ ಅದರೊಳಗೆ ಏನೋ ಒಂದು ಪ್ರೋಗ್ರಾಂ ಹಾಕಿಕೊಟ್ಟಿದ್ದಿರಿ, ಕೆಟ್ಟರೆ ಕೆಲಸದ ಜಾಗದಿಂದಲೇ ನೋಡಿ ಸರಿಮಾಡುತ್ತೇನೆ ಎಂದು. ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ.

ಆದರೂ ನಂಬಲು ಮನಸ್ಸಾಗಲಿಲ್ಲ. ಅತ್ತೆಯ ಮಾತು ಸುಳ್ಳಾಗಲಿ ಎಂದೇ ಒಂದು ಪರೀಕ್ಷೆ ಮಾಡಿದೆ. ನೀಲಿ ದಾರ ಸಿಗುತ್ತಿಲ್ಲ, ಹಸಿರು ಹಾಕಲೇ ಎಂದು ಶಾಲೆಯ ವಾರ್ಡನ್‌ಗೆ ಕಂಪ್ಯೂಟರಿನಲ್ಲೇ ಒಂದು ಪತ್ರ ಬರೆದು ‘ಹೊಲಿಗೆ’ ಫೋಲ್ಡರಿನಲ್ಲಿಟ್ಟೆ. ಕಳಿಸಲಿಲ್ಲ. ಯಾರಿಗೂ ಹೇಳಲಿಲ್ಲ, ಅತ್ತೆಗೂ ಹೇಳಲಿಲ್ಲ. ನೀಲಿ ದಾರ ನನ್ನ ಡಬ್ಬದಲ್ಲಿ ಹನ್ನೊಂದು ಉರುಳೆ ಇತ್ತು. ಮಾರನೇ ಸಂಜೆ ನೀವಾಗಿಯೇ ಫೋನ್ ಮಾಡಿ, ಊಟ ಆಯ್ತಾ ಎಂದೂ ಕೇಳದೆ, “ಹಸಿರು ದಾರಕ್ಕೆ ಶಾಲೆಯವ್ರು ಒಪ್ತಾರಾ?” ಎಂದಿರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನಿನ್ನೂ ಕಳ್ಳ ಎಂದೂ ಅಂದಿರಲಿಲ್ಲ. ಒಪ್ಪುತ್ತಾರೆ ಎಂದು ಹೇಳಿ ಫೋನ್ ಇಟ್ಟೆ.

ಸುರಂಗದ ಕೆಲಸದಲ್ಲಿ ನಾಲ್ಕು ನೂರು ಜನರ ತಲೆಯ ಮೇಲೆ ಟೋಪಿ ಇದೆಯೇ ಎಂದು ನೋಡುವ ಸುರಕ್ಷತಾ ಅಧಿಕಾರಿ ನೀವು. ನಾಳೆ ಕೇಳಿದರೆ ಅದನ್ನೇ ಹೇಳುತ್ತೀರಿ, ಸುರಕ್ಷತೆಗೆ ಅಂತ ಟಿಕ್ ತೆಗೆದೆ ಎಂದು. ಹಾಗಿದ್ದರೆ ಐದು ಸಲದಲ್ಲಿ ಒಂದು ಸಲವಾದರೂ ಹೇಳಿ ತೆಗೆಯಬಹುದಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು? ಆ ಹಳೆಯ ಕಂಪ್ಯೂಟರನ್ನು ಮದುವೆಯಾದ ಹೊಸದರಲ್ಲಿ ಮೂರು ಮಹಡಿ ಹೆಗಲ ಮೇಲೆ ಹೊತ್ತು ತಂದವರು ನೀವೇ. ಮೆಟ್ಟಿಲಲ್ಲಿ ಕೂತು ಏದುಸಿರು ಬಿಡುತ್ತ, “ಇನ್ಮೇಲೆ ನೀನೇ ದೊಡ್ಡ ಕಾರ್ಖಾನೆ” ಎಂದು ನಕ್ಕಿದ್ದಿರಿ. ಆ ನಗುವನ್ನು ನಂಬಿಕೊಂಡು ನಾನು ಇಷ್ಟು ವರ್ಷ ಕೂತು ಹೊಲಿದೆ. ಕಾರ್ಖಾನೆ ನಿಜವಾಗಿ ದೊಡ್ಡದಾಗುವ ಹೊತ್ತಿಗೆ ನಿಮಗೆ ಸಹಿಸಲಾಗಲಿಲ್ಲ. ಎದುರಿಗೆ ನಿಂತು ಬೇಡ ಎಂದಿದ್ದರೆ ಜಗಳವಾಡುತ್ತಿದ್ದೆ, ಜಗಳ ನನಗೆ ಹೊಸದಲ್ಲ. ಕದ್ದು ಮಾಡಿ, ಮೇಲೆ ಸಮಾಧಾನವನ್ನೂ ಹೇಳಿದಿರಲ್ಲ, ಅದನ್ನು ನಾನು ಹೊಟ್ಟೆಗೆ ಹಾಕಿಕೊಳ್ಳಲಾರೆ.

ಮುಂದಿನದು ಸುಲಭವಿತ್ತು. ಹೊಸ ಕಂಪ್ಯೂಟರಿನಿಂದ ಇಂಟರ್ನೆಟ್ಟಿನ ವೈರು ಕಿತ್ತೆ. ನೀವು ಹಾಕಿಕೊಟ್ಟದ್ದನ್ನು ಬೇರುಸಮೇತ ತೆಗೆದೆ. ಎರಡು ಕಂಪ್ಯೂಟರುಗಳ ನಡುವೆ ನೇರವಾಗಿ ಒಂದೇ ಒಂದು ವೈರು ಎಳೆದು, ಚೌಕಕ್ಕೆ ಟಿಕ್ ಹಾಕಿದೆ. ಅಂದಿನಿಂದ ಅದು ಅಲ್ಲೇ ಇದೆ. ಆದರೂ ಅತ್ತೆ ದಿನಾ ಮಧ್ಯಾಹ್ನ ಕತ್ತರಿ ಹಿಡಿದು ಪರದೆಯ ಮುಂದೆ ಕಾವಲು ಕೂತರು. ಎಳೆ ಕತ್ತರಿಸುತ್ತ ಒಂದೊಂದು ಹೆಸರನ್ನೂ ಗಟ್ಟಿಯಾಗಿ ಓದುತ್ತಿದ್ದರು. ನಿನ್ನೆ ಇನ್ನೂರ ನಲವತ್ತನ್ನೂ ಕೊಟ್ಟು ಬಂದೆವು. ವಾರ್ಡನ್ ಒಂದನ್ನು ತಿರುಗಿಸಿ ಹಿಂಭಾಗವನ್ನು ನೋಡಿ, “ಹಿಂದ್ಗಡೇನೂ ಇಷ್ಟು ಚೊಕ್ಕ ಇರೋದು ನೋಡಿರ್ಲಿಲ್ಲ” ಎಂದರು. ಅದು ಅತ್ತೆಯ ಕೆಲಸ ಎಂದೆ. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡರು, ಬಿಸಿಲು ಎಂದರು.

ಮಾತ್ರೆ ತಪ್ಪಿಸಬೇಡಿ. ನಿಮ್ಮ ತಾಯಿಯ ಆಶೀರ್ವಾದ ಬರೆಯಲೇ ಎಂದು ಕೇಳಿದೆ. “ಈ ಸಲ ಬೇಡ” ಎಂದರು.

ಸದ್ಯಕ್ಕೆ ಇನ್ನೂ
ನಿಮ್ಮ ಹೆಂಡತಿ

ಮರೆತಿದ್ದೆ: ಶಾಲೆಯವರು ಇನ್ನೂ ಆರುನೂರು ಕೇಳಿದ್ದಾರೆ, ಒಂದು ಯಂತ್ರ ಸಾಲದು. ಎರಡನೆಯದು ನಾಳೆ ಬರುತ್ತದೆ, ಮಲಗುವ ಕೋಣೆಗೆ. ನಿಮ್ಮ ಮಂಚವನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ್ದೇವೆ, ಸ್ಕ್ರೂ ತಿರುಗಿಸಿದವರು ಅತ್ತೆಯೇ. ಆದ್ದರಿಂದ ಇಪ್ಪತ್ತನೇ ತಾರೀಖಿಗೆ ರಜೆಗೆಂದು ಬರಬೇಡಿ, ಟಿಕೆಟ್ ರದ್ದು ಮಾಡಿ. ಯಾಕೆ ಹೀಗೆ ಮಾಡಿದಿರಿ ಎಂದು ನನ್ನ ಮುಖ ನೋಡಿ ಹೇಳಲು ಆಗುವ ದಿನ ಬನ್ನಿ. ಕೀಲಿ ಬದಲಾಗಿದೆ, ಕರೆಗಂಟೆ ಒತ್ತಬೇಕು. “ಎರಡು ಸುತ್ತು ಸುತ್ತಿದ್ರೆ ಅವನೇ ಅಂತ ಗೊತ್ತಾಗುತ್ತೆ, ಬಾಗಿಲು ತೆಗೆಯೋದೋ ಬಿಡೋದೋ ಆಮೇಲೆ ನೋಡ್ತೀನಿ” ಎಂದು ಅತ್ತೆ ಈಗಲೇ ಬಾಗಿಲಿನ ಗಾಜು ಒರೆಸಿಟ್ಟಿದ್ದಾರೆ.