ನಾವಿಬ್ಬರೂ ಒಬ್ಬರೇ ಎಂದು ತೀರ್ಪಿತ್ತ ನಿರ್ವಾಹಕರಿಗೆ

ಮಾನ್ಯ ನಿರ್ವಾಹಕರೇ,

ಹನ್ನೊಂದು ದಿನಗಳ ಹಿಂದೆ, ಸಂಜೆ ಏಳು ನಲವತ್ತಕ್ಕೆ, ಅಂತರ್ಜಾಲದಲ್ಲಿ ನೀವು ನಡೆಸುವ ಚರ್ಚಾಕಟ್ಟೆಯಿಂದ ಇಬ್ಬರನ್ನು ಒಂದೇ ಏಟಿಗೆ ಹೊರದೂಡಿದಿರಿ. ಒಬ್ಬ ‘ಅಧಿಕಪ್ರಸಂಗಿ’, ಅಂದರೆ ನಾನು. ಇನ್ನೊಬ್ಬರು ‘ಗುಬ್ಬಚ್ಚಿ’, ಅಂದರೆ ಎರಡು ವರ್ಷಗಳಿಂದ ನನ್ನ ರಕ್ತ ಕುದಿಸುತ್ತಿದ್ದವರು. ಕಾರಣವನ್ನೂ ಕೊಟ್ಟಿದ್ದೀರಿ: ಇಬ್ಬರೂ ಒಬ್ಬರೇ ವ್ಯಕ್ತಿಯಂತೆ, ಒಬ್ಬನೇ ಎರಡು ಹೆಸರಿನಲ್ಲಿ ಕೂತು, ತನ್ನೊಂದಿಗೆ ತಾನೇ ಜಗಳವಾಡಿ ಜನ ಸೇರಿಸುತ್ತಿದ್ದನಂತೆ. ನನ್ನನ್ನು ಹೊರಹಾಕಿದ್ದಕ್ಕೆ ನನ್ನ ತಕರಾರಿಲ್ಲ. ಹಿಂದೆ ಮೂರು ಸಲ ಹಾಕಿದ್ದೀರಿ, ಮೂರು ಸಲವೂ ತಪ್ಪು ನನ್ನದೇ. ಆದರೆ ಗುಬ್ಬಚ್ಚಿಯ ಬುದ್ಧಿಯೂ ನನ್ನದೇ ಎಂದು ದಾಖಲೆಯಲ್ಲಿ ಬರೆದಿದ್ದೀರಲ್ಲ, ಅಷ್ಟು ದೊಡ್ಡ ಹೊಗಳಿಕೆ ಹೊರುವ ಶಕ್ತಿ ನನಗಿಲ್ಲ.

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಹಗಲೆಲ್ಲ ಗಿರಾಕಿಗಳು ಹೇಳಿದ್ದಕ್ಕೆ ಹೂಂಗುಟ್ಟುವ ಕೆಲಸ. ಸಣ್ಣ ಮುಖಕ್ಕೆ ಅಗಲದ ಚೌಕಟ್ಟು ಒಪ್ಪುವುದಿಲ್ಲವೆಂದು ಕಣ್ಣಿಗೆ ಹೊಡೆಯುತ್ತಿದ್ದರೂ ‘ನಿಮಗೇ ಅಂತ ಮಾಡಿಸಿದ ಹಾಗಿದೆ ಸಾರ್’ ಎನ್ನಬೇಕು. ಹೀಗೆ ದಿನವಿಡೀ ನುಂಗಿದ ಸತ್ಯವನ್ನೆಲ್ಲ ಸಂಜೆ ನಿಮ್ಮ ಕಟ್ಟೆಯ ಮೇಲೆ ಕಾರಿಕೊಳ್ಳುತ್ತಿದ್ದೆ. ಎಂಥೆಂಥ ವಿಷಯಗಳು! ಲಿಫ್ಟಿನಲ್ಲಿ ಸಿಕ್ಕ ಅಪರಿಚಿತರನ್ನು ಮಾತಾಡಿಸಬೇಕೋ, ಚಪ್ಪಲಿ ನೋಡುತ್ತ ನಿಲ್ಲಬೇಕೋ? ಉಡುಗೊರೆಯನ್ನು ಕೊಟ್ಟವರ ಎದುರೇ ಬಿಚ್ಚಬಹುದೋ? ಬಸ್ಸಿನಲ್ಲಿ ಪಕ್ಕದವರ ಪತ್ರಿಕೆಯನ್ನು ಇಣುಕಿ ಓದುವುದು ಕಳ್ಳತನವೋ, ಅಕ್ಷರಪ್ರೇಮವೋ? ಮುಖವಿಲ್ಲದ, ಊರಿಲ್ಲದ ಜನ ‘ನಿಮ್ಮಲ್ಲಿ ಹೀಗಾ?’, ‘ನಮ್ಮಲ್ಲಿ ಹಾಗಿಲ್ಲಪ್ಪ!’ ಎಂದು ಬಾಯಿ ಬಿಟ್ಟುಕೊಂಡು ಕೂತಿರುತ್ತಿದ್ದರು. ನಾನು ಏನು ಬರೆದರೂ ಹತ್ತು ನಿಮಿಷದೊಳಗೆ ಗುಬ್ಬಚ್ಚಿ ಬಂದು ಕುಕ್ಕದೆ ಹೋದದ್ದಿಲ್ಲ. ಇಣುಕಿ ಓದುವುದು ಮನುಷ್ಯನ ಜನ್ಮಸಿದ್ಧ ಹಕ್ಕು ಎಂದು ನಾನು ಎರಡು ಪುಟ ವಾದಿಸಿದಾಗ ಅವರ ಉತ್ತರ ಒಂದೇ ಸಾಲು: ‘ಹಾಗಾದ್ರೆ ಪುಟ ತಿರುಗಿಸೋ ಮುಂಚೆ ಅವರು ನಿಮ್ಮನ್ನ ಕೇಳ್ಬೇಕಿತ್ತಾ?’ ಇದು ಯಾರೋ ನಿವೃತ್ತ ವಕೀಲ, ಮೀಸೆ ಇರುವವನು, ಮನೆಯಲ್ಲಿ ಯಾರೂ ಮಾತಾಡಿಸದವನು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಮೂರರಲ್ಲಿ ಕೊನೆಯದು ಸರಿಯಾಗಿತ್ತು.

ಈಗ ನಿಮ್ಮ ಪುರಾವೆಗೆ ಬರೋಣ. ಎರಡು ಖಾತೆಗಳೂ ಒಂದೇ ಇಂಟರ್ನೆಟ್ ಸಂಪರ್ಕದಿಂದ ಬರುತ್ತವೆ. ಎರಡೂ ದಿನಾ ಎಂಟರಿಂದ ಎಂಟೂವರೆಯವರೆಗೆ ಬಾಯಿ ಮುಚ್ಚಿಕೊಂಡಿರುತ್ತವೆ. ಗೋಡೆ ಕೊರೆಯುವ ನೆರೆಹೊರೆಯವರನ್ನು ಎರಡೂ ಒಂದೇ ದಿನ, ಒಂದೇ ಗಳಿಗೆಯಲ್ಲಿ ಶಪಿಸಿವೆ. ಎಲ್ಲಕ್ಕಿಂತ ಮಿಗಿಲಾಗಿ, ‘ಎತ್ತಿ ಹಿಡಿದರೆ ಮಾತ್ರ ಚಿಲಕ ಬೀಳುವ ಬಚ್ಚಲ ಬಾಗಿಲು’ ಇಬ್ಬರ ಬರಹದಲ್ಲೂ ಬಂದಿದೆ. ನಿಜ, ಬಂದಿದೆ. ಹಳೆಯದನ್ನು ರಿಪೇರಿ ಮಾಡಿಸಬೇಕೋ, ಅದಕ್ಕೆ ಹೊಂದಿಕೊಳ್ಳಬೇಕೋ ಎಂಬ ಚರ್ಚೆಯಲ್ಲಿ ನಮ್ಮ ಮನೆಯ ಬಾಗಿಲನ್ನೇ ಉದಾಹರಿಸಿ, ಅದನ್ನು ದಿನಾ ಎತ್ತಿ ಎತ್ತಿ ಹಾಕುವುದರಿಂದ ಸಹನೆ ಬೆಳೆಯುತ್ತದೆ ಎಂದು ಉಪನ್ಯಾಸ ಬಿಗಿದವನು ನಾನು. ಅದಕ್ಕೆ ಗುಬ್ಬಚ್ಚಿ, ‘ನಾನಿರೋ ಕಡೇನೂ ಇಂಥದ್ದೇ ಒಂದು ಬಾಗಿಲಿದೆ. ಕೆಲವರಿಗೆ ಒಂದು ತಿರುಪು ಬಿಗಿ ಮಾಡೋಕಾಗಲ್ಲ, ಸಮಾಜ ಬಿಗಿ ಮಾಡೋಕೆ ಹೊರಡ್ತಾರೆ’ ಎಂದು ಬರೆದರು. ಅಂಥ ಮನೆಯೊಡೆಯನಿಗೆ ನಾಚಿಕೆಯಾಗಬೇಕು ಎಂದು ನಾನೂ ದನಿಗೂಡಿಸಿದೆ. ನನ್ನದು ಸಹನೆ, ಅವನದು ಸೋಮಾರಿತನ ಎಂದು ವ್ಯತ್ಯಾಸವನ್ನೂ ವಿವರಿಸಿದೆ. ಎರಡು ವರ್ಷಗಳಲ್ಲಿ ನಾವಿಬ್ಬರೂ ಒಪ್ಪಿದ ವಿಷಯ ಅದೊಂದೇ.

ನಿಮ್ಮ ನೋಟಿಸು ಬಂದಾಗ ನಾನು ಮುಂದಿನ ಕೋಣೆಯಲ್ಲಿದ್ದೆ. ಹೆಂಡತಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸಂಜೆ ಪಾಳಿಯವಳು. ಆ ಹೊತ್ತಿಗೆ ಮನೆಯಲ್ಲಿ ನಾನು, ಹಿಂದಿನ ಕೋಣೆಯಲ್ಲಿ ಅತ್ತೆ, ಇಬ್ಬರೇ. ಅದರಲ್ಲಿದ್ದ ಬಾಗಿಲಿನ ಸಾಲು ಓದಿ, ಇಂಥವು ಜಗತ್ತಿನಲ್ಲಿ ಎಷ್ಟೋ ಇದ್ದಾವು ಎಂದುಕೊಳ್ಳುವಷ್ಟರಲ್ಲಿ ಹಿಂದಿನ ಕೋಣೆಯಿಂದ ಕೇಳಿಸಿತು: “ಇವನ ಮನೆ ಕಾಯ್ಹೋಗ! ಆ ಅಧಿಕಪ್ರಸಂಗಿ ನಾನಂತೆ!” ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರೆ. ಊರವರ ಕಣ್ಣಿಗೆಲ್ಲ ಗಾಜು ಉಜ್ಜಿ ಕೊಡುವವನಿಗೆ ಹತ್ತು ಹೆಜ್ಜೆ ದೂರದ ಗುಬ್ಬಚ್ಚಿ ಕಂಡಿರಲಿಲ್ಲ. ಅವರು ಫೋನಿನಲ್ಲಿ ಹೆಣಿಗೆ ಕಲಿಯುತ್ತಿದ್ದಾರೆಂದು ನಾವು ಗಂಡಹೆಂಡಿರು ನಂಬಿದ್ದೆವು. ಎರಡು ವರ್ಷವಾದರೂ ಒಂದು ಕಾಲುಚೀಲ ಹೊರಬರದಿದ್ದಾಗಲಾದರೂ ಅನುಮಾನ ಬರಬೇಕಿತ್ತು.

ನಮ್ಮ ಅತ್ತೆ ಮೂವತ್ತು ವರ್ಷ ದೂರವಾಣಿ ಕೇಂದ್ರದಲ್ಲಿ ಕೂತು ಊರೂರಿಗೆ ಸಂಪರ್ಕ ಕೊಟ್ಟವರು. ಸಾವಿರಾರು ಜನರ ಮಾತು ಕಿವಿಗೆ ಬಿದ್ದರೂ ನಡುವೆ ಬಾಯಿ ಹಾಕುವಂತಿಲ್ಲ ಎಂಬುದು ಅಲ್ಲಿನ ಕಟ್ಟಪ್ಪಣೆ. ಮಾವ ತೀರಿಕೊಂಡ ಮೇಲೆ, ನಾಲ್ಕು ವರ್ಷದ ಹಿಂದೆ, ಒಂದು ಪೆಟ್ಟಿಗೆ ಹಿಡಿದು ಮಗಳ ಮನೆಗೆ ಬಂದರು. ಅಂದಿನಿಂದ ನಮ್ಮಿಬ್ಬರ ನಡುವೆ ನಡೆದ ಸಂಭಾಷಣೆಯನ್ನೆಲ್ಲ ಬರೆಯಲು ಅಂಚೆ ಕಾರ್ಡಿನ ಒಂದು ಬದಿ ಸಾಕು. ಅತ್ತೆ-ಅಳಿಯ ಅಂದಮೇಲೆ ಮರ್ಯಾದೆ ನೋಡಿ.

“ಕಿಟಕಿ ತೆಗೀಲಾ?”

“ತೆಗೀರಿ ಅತ್ತೆ.”

“ಫ್ಯಾನ್ ಹಾಕ್ಲಾ?”

“ಹಾಕಿ ಅತ್ತೆ.”

“ಉಪ್ಪು ಸರಿಯಿದೆಯಾ?”

“ಸರಿಯಾಗಿದೆ ಅತ್ತೆ.”

ಸರಿಯಾಗಿರಲಿಲ್ಲ. ನಾಲ್ಕು ವರ್ಷದಿಂದ ಉಪ್ಪು ಕಡಿಮೆ. ಮನೆಯಲ್ಲಿ ತುಟಿ ಬಿಚ್ಚದವನು ನಿಮ್ಮ ಕಟ್ಟೆಯಲ್ಲಿ ಮಾತ್ರ, ಸಪ್ಪೆ ಅಡುಗೆಯನ್ನು ಹೊಗಳುವ ಸಮಾಜ ಉದ್ಧಾರವಾಗದು ಎಂದು ಗುಡುಗಿದ್ದೆ. ‘ಎದುರಿಗೆ ಹೇಳೋ ಧೈರ್ಯ ಇಲ್ಲದೋರಿಗೆ ಸಪ್ಪೆ ಊಟಾನೇ ಸರಿ’ ಎಂದಿದ್ದರು ಗುಬ್ಬಚ್ಚಿ. ನೋಟಿಸು ಬಂದ ದಿನವೂ ಎಂದಿನಂತೆ ಎಂಟು ಗಂಟೆಗೆ ಊಟಕ್ಕೆ ಕೂತೆವು. ಒಂದೇ ಸಂಪರ್ಕ, ಒಂದೇ ಬಾಗಿಲು ಎಂಬ ಆ ನೋಟಿಸು ಅವರಿಗೂ ಬಂದಿತ್ತಲ್ಲ. ಅತ್ತೆ ಒಳಗೆ ಹೋಗಿ ಉಪ್ಪಿನ ಡಬ್ಬಿ ತಂದು ನನ್ನ ತಟ್ಟೆಯ ಮುಂದೆ ಕುಕ್ಕಿದರು. ಹನ್ನೊಂದು ದಿನದಿಂದ ಅದು ಅಲ್ಲೇ ಇದೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನೀವು ಬೀಗ ಜಡಿದ ಹೊತ್ತು ಎಂಥದ್ದು ಗೊತ್ತೇ? ಅಂದು ಗುಬ್ಬಚ್ಚಿ ಕಟ್ಟೆಯಲ್ಲಿ ಒಂದು ಪ್ರಶ್ನೆ ಇಟ್ಟಿದ್ದರು: ‘ಇನ್ನೊಬ್ಬರ ಮನೆಗೆ ಬಂದು ಉಳಿದವರು ಎಷ್ಟು ದಿನಕ್ಕೆ ಮನೆಯವರಾಗ್ತಾರೆ?’ ಆರು ತಿಂಗಳು ಎಂದರು ಯಾರೋ. ಕೈಗೆ ಕೀಲಿ ಬಂದ ದಿನ ಎಂದರು ಇನ್ಯಾರೋ. ಮೊದಲ ಜಗಳ ಆದಮೇಲೆ ಎಂದರು ಅನುಭವಸ್ಥರೊಬ್ಬರು. ನನಗೆ ಬಸ್ಸಿನ ಪತ್ರಿಕೆಯ ವಾದದಲ್ಲಿ ಸೋತ ಉರಿ ಇನ್ನೂ ಆರಿರಲಿಲ್ಲ. ಬರೆದೆ: ‘ದಿನ ಎಣಿಸುವವರು ಎಂದಿಗೂ ಮನೆಯವರಾಗುವುದಿಲ್ಲ. ಮನೆಯವರಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ.’ ಬರೆದು, ಕಾಲ ಮೇಲೆ ಕಾಲು ಹಾಕಿಕೊಂಡು ಕೂತೆ. ‘ಗುಬ್ಬಚ್ಚಿ ಬರೆಯುತ್ತಿದ್ದಾರೆ’ ಎಂದು ಕೆಳಗೆ ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ಅಷ್ಟರಲ್ಲಿ ನಿಮ್ಮ ಬೀಗ ಬಿತ್ತು. ಈಗ ಆ ಚರ್ಚೆಯನ್ನು ಯಾರು ಬೇಕಾದರೂ ಓದಬಹುದು, ಯಾರೂ ಬರೆಯುವಂತಿಲ್ಲ, ಅದರ ಕೊನೆಯ ಮಾತು ನನ್ನದು. ಗುಬ್ಬಚ್ಚಿಯ ಎದುರು ಕೊನೆಯ ಮಾತು ನನ್ನದಾಗಲಿ ಎಂದು ಎರಡು ವರ್ಷ ಹಂಬಲಿಸಿದೆ, ಮಾನ್ಯರೇ. ಸಿಕ್ಕಿದೆ, ನನಗದು ಬೇಡ. ಕಿಟಕಿ ತೆಗೆಯಲೂ ಅಪ್ಪಣೆ ಕೇಳುವವರನ್ನು ‘ಎಂಥ ಸಂಭಾವಿತರು’ ಎಂದು ನಾನು ಅಂಗಡಿಯಲ್ಲಿ ಹೊಗಳಿಕೊಂಡು ತಿರುಗಿದ್ದೆ. ಅದು ಸಂಭಾವಿತತನವಲ್ಲ, ಅತಿಥಿಯ ಸಂಕೋಚ ಎಂದು ಹೊಳೆದಾಗಿನಿಂದ ನನಗೆ ನನ್ನ ಮೇಲೇ ಹೇಸಿಗೆಯಾಗಿದೆ.

ನಿಮಗೆ ಮೇಲ್ಮನವಿ ಸಲ್ಲಿಸಿದೆ. ‘ಒಂದೇ ಮನೆಯಲ್ಲಿದ್ದು ಎರಡು ವರ್ಷ ಪರಸ್ಪರ ಗುರುತಿಸಲಿಲ್ಲ ಎಂಬುದು ನಂಬಲರ್ಹವಲ್ಲ, ಇಬ್ಬರೂ ಜೊತೆಗೆ ನಿಂತ ಭಾವಚಿತ್ರ ಕಳಿಸಿ’ ಎಂದು ಉತ್ತರಿಸಿದಿರಿ. ನಂಬಲರ್ಹವಲ್ಲವೇ? ಸ್ವಾಮಿ, ನೀವು ಯಾವ ಮನೆಯಲ್ಲಿ ಬೆಳೆದಿರಿ? ಒಂದೇ ಸೂರಿನಡಿ ಒಬ್ಬರನ್ನೊಬ್ಬರು ಗುರುತಿಸದೆ ಬದುಕುವುದು ಅಪರಾಧವಾದರೆ ಬೀಗ ಸಾಲದೆ ಹೋದೀತು. ಹೋಗಲಿ, ನಾನೇ ಗುಬ್ಬಚ್ಚಿಯಾಗಿದ್ದರೆ ಎರಡು ವರ್ಷದಲ್ಲಿ ಒಮ್ಮೆಯಾದರೂ ನನ್ನನ್ನು ನಾನು ಗೆಲ್ಲಿಸಿಕೊಳ್ಳುತ್ತಿರಲಿಲ್ಲವೇ? ಇನ್ನು ಭಾವಚಿತ್ರ. ಅದಕ್ಕೆ ನಾನು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು, “ಅತ್ತೆ, ಸ್ವಲ್ಪ ಬಂದು ನನ್ನ ಪಕ್ಕ ನಿಲ್ತೀರಾ? ನಾವಿಬ್ಬರೂ ಬೇರೆ ಬೇರೆ ಅಂತ ತೋರಿಸ್ಬೇಕಂತೆ” ಎನ್ನಬೇಕು. ಅಷ್ಟು ಮಾತು ನನ್ನ ಬಾಯಲ್ಲಿ ಬರುವಂತಿದ್ದರೆ ನಿಮ್ಮ ಕಟ್ಟೆಗೆ ಯಾಕೆ ಬರುತ್ತಿದ್ದೆ?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಖಾತೆ ಕಾಯಮ್ಮಾಗಿ ಮರಳಿ ಕೊಡದಿದ್ದರೂ ಸರಿ, ಐದೇ ನಿಮಿಷ ನಮ್ಮಿಬ್ಬರನ್ನೂ ಒಳಬಿಟ್ಟು ಆ ಒಂದು ಚರ್ಚೆಯ ಬೀಗ ತೆಗೆಯಿರಿ. ನಾನು ಬರೆಯಬೇಕಾದದ್ದು ಎರಡು ಸಾಲು: ‘ಗುಬ್ಬಚ್ಚಿಯವರೇ, ನಾನು ಹೇಳಿದ್ದು ತಪ್ಪು. ಬಂದವರು ದಿನ ಎಣಿಸುತ್ತಿದ್ದರೆ ತಪ್ಪು ಎಣಿಸಿದವರದಲ್ಲ, ಎಣಿಸುವ ಹಾಗೆ ಇಟ್ಟುಕೊಂಡವನದು.’ ಉಳಿದ ನಾಲ್ಕೂವರೆ ನಿಮಿಷ ಗುಬ್ಬಚ್ಚಿಗೆ ಬಿಡಿ, ಏನು ಬೇಕಾದರೂ ಬೈಯಲಿ. ನೀವು ಮನವಿಯನ್ನು ನಂಬದ ಕಾರಣ ಈ ಪತ್ರವನ್ನು ಬಹಿರಂಗವಾಗಿ ಪತ್ರಿಕೆಯೊಂದಕ್ಕೆ ಕಳಿಸಲಿದ್ದೇನೆ; ಅದಕ್ಕೂ ಮುಂಚೆ ಊಟದ ಮೇಜಿನ ಮೇಲೆ, ಉಪ್ಪಿನ ಡಬ್ಬಿಯ ಕೆಳಗೆ ಇಟ್ಟು ಅಂಗಡಿಗೆ ಹೊರಟಿದ್ದೇನೆ. ಅಕ್ಷರದೋಷಗಳಿದ್ದರೆ ಮನೆಯವರು ಯಾರಾದರೂ ತಿದ್ದಲಿ ಎಂದು.

ಇಂತಿ,
ನಿಮ್ಮ ದಾಖಲೆಯಲ್ಲಿ ಇಬ್ಬರಾಗಿರುವ, ಮನೆಯಲ್ಲಿ ಒಬ್ಬನಾಗಲೂ ಹೆಣಗುತ್ತಿರುವ
ಅಧಿಕಪ್ರಸಂಗಿ

ನಿರ್ವಾಹಕರ ಗಮನಕ್ಕೆ: ಇಲ್ಲಿಂದ ಕೆಳಗೆ ಬರೆಯುತ್ತಿರುವ ಕೈ ಬೇರೆ. ನೀವು ಕೇಳಿದ ಪುರಾವೆ ಇದೇ ಎಂದು ತಿಳಿಯಿರಿ. ಅಕ್ಷರದೋಷ ಎರಡಿದ್ದವು, ತಿದ್ದಿದ್ದೇನೆ. ಉಳಿದ ದೋಷಗಳು ಒಂದು ದಿನದಲ್ಲಿ ತಿದ್ದುವಂಥವಲ್ಲ. ಉಪ್ಪು ಸರಿಯಾಗಿಯೇ ಇತ್ತು, ಕೆಟ್ಟಿರುವುದು ಅಳಿಯಂದಿರ ನಾಲಗೆ. ಬಚ್ಚಲ ಬಾಗಿಲಿನ ಪುರಾವೆಯನ್ನು ಮಾತ್ರ ನಿಮ್ಮ ಕಡತದಿಂದ ತೆಗೆದುಹಾಕಿ. ಅಂಥ ಬಾಗಿಲು ಈಗ ಈ ಮನೆಯಲ್ಲಿಲ್ಲ. ಅವರು ಅಂಗಡಿಗೆ ಹೋದಮೇಲೆ ಬಡಗಿಯನ್ನು ಕರೆಸಿ ಸರಿಮಾಡಿಸಿದೆ. ಯಾರನ್ನೂ ಕೇಳಲಿಲ್ಲ.

ಗುಬ್ಬಚ್ಚಿ