ಕೌದಿ ಬಳಗದ ಚುಕ್ಕಿ ದೊಡ್ಡಾಟ

ಶಹಾಪುರ
ಬುಧವಾರ, ೧೨ ಫೆಬ್ರುವರಿ ೨೦೨೫

ಪ್ರೀತಿಯ ಲಾಲಮ್ಮ,

ಗಂಟಲು ಹೇಗಿದೆ? ಗಂಜಿ ಬಿಟ್ಟು ಮೆತ್ತಗಿನ ಅನ್ನಕ್ಕೆ ಬಂದಿದ್ದೀಯೆಂದು ಪಂಚಶೀಲಾ ಹೇಳಿದಳು, ಸಮಾಧಾನವಾಯಿತು. ಆಪರೇಶನ್ ಮಾಡಿದ ಡಾಕ್ಟರು ಪಿಸುಮಾತು ಕೂಡ ಬೇಡವೆಂದಿದ್ದಾರೆ, ನೆನಪಿರಲಿ. ಫೋನ್ ಮಾಡಬಹುದಿತ್ತು. ಆದರೆ ನಾನು ಒಂದು ಮಾತು ಆಡಿದರೆ ನೀನು ಆ ಕಡೆಯಿಂದ ತಿದ್ದದೇ ಇರಲಾರೆ. ಅದಕ್ಕೇ ಅಲ್ಲವೇ ನಿನ್ನ ಮಗಳು ಪಂಚಶೀಲಾ ನನ್ನನ್ನು ಕಲಬುರಗಿಯಿಂದ ಅಟ್ಟಿದ್ದು! "ಅಪ್ಪಾ, ನೀ ಇದ್ದಷ್ಟೊತ್ತು ಅವ್ವ ಬಾಯಿ ಮುಚ್ಚಂಗಿಲ್ಲ. ನೀ ಏನರೆ ಅಂತಿ, ಆಕಿ ಎದ್ದು ಕುಂತು ಜಗಳಕ್ಕ ಬರ್ತಾಳ. ಮೊದಲ ಶಹಾಪುರ ಬಸ್ ಹತ್ತು." ಮೂವತ್ತು ವರ್ಷ ಕೋರ್ಟಿನಲ್ಲಿ ಗುಮಾಸ್ತನಾಗಿದ್ದವನಿಗೆ ಇಂಥ ಗಡೀಪಾರಿನ ಆಜ್ಞೆ ಹೊಸದು. ಇಲ್ಲಿ ಎಲ್ಲ ಕ್ಷೇಮ. ಮಲ್ಲಿಗೆ ಬಳ್ಳಿಗೆ ನೀರು ಹಾಕುತ್ತಿದ್ದೇನೆ. ಓಣಿಯ ದುರಗಮ್ಮ ರೊಟ್ಟಿ ಕಳಿಸುತ್ತಾಳೆ, ಜೊತೆಗೆ ನಾನು ಸೊರಗಿದ್ದೇನೆಂಬ ಟೀಕೆಯನ್ನೂ ಕಳಿಸುತ್ತಾಳೆ.

ಹೊರಡುವಾಗ ನೀನು ನನ್ನ ಕೈಗಿಟ್ಟ ಚೀಟಿಯ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. "ದನಿ ಮೊದಲಿನಂಗ ಬರೋದಿಲ್ಲ ಅಂದಾರ. ನನ್ನ ಕುರ್ಚಿ ನುಜ್ಹತಗ ಕೊಡ್ರಿ. ಇನ್ನ ನಾ ಬಳಗಕ್ಕ ಬರಂಗಿಲ್ಲ" ಎಂದು ಬರೆದಿದ್ದೆ. ಇಷ್ಟು ವರ್ಷ ಪ್ರತಿ ಭಾನುವಾರ ಮದೀನಾಬೀ ಅಕ್ಕನ ಪಡಸಾಲೆಯಲ್ಲಿ, ಹಳೆಯ ಸೀರೆಗಳ ಕೌದಿ ಹೊಲಿಯುವ ಹೆಣ್ಣುಮಕ್ಕಳ ನಡುವೆ ಕುಳಿತು ಕಾದಂಬರಿ ಓದಿ ಹೇಳಿದವಳು, ಎಲ್ಲವನ್ನೂ ಒಂದು ಚೀಟಿಯಲ್ಲಿ ಮಡಚಿಬಿಟ್ಟೆಯಾ? ಅದನ್ನು ಜೇಬಿನಲ್ಲಿಟ್ಟುಕೊಂಡು ಎರಡು ಭಾನುವಾರ ಬಳಗಕ್ಕೆ ಹೋಗಿ ಬಂದೆ. ಅವರೆದುರು ತೆಗೆದು ಓದಲು ಮನಸ್ಸಾಗಲಿಲ್ಲ. ಅದಿರಲಿ, ಈ ವರ್ಷದ ಪುಸ್ತಕ ಆರಿಸಿದ ಸುದ್ದಿ ಹೇಳುತ್ತೇನೆ.

ಯಾದಗಿರಿಯ ವಾಚನ ಸಂಸ್ಥೆಯವರು ವರ್ಷಕ್ಕೊಂದು ಕಾದಂಬರಿ ಕೊಡುತ್ತಾರಲ್ಲ, ಈ ಸಲ ಎಲ್ಲ ಬಳಗಗಳಿಗೂ ಬಾಹ್ಯಾಕಾಶದ ಕಾದಂಬರಿ ಎಂದು ಗೊತ್ತುಮಾಡಿ, ಆರಿಸಿಕೊಳ್ಳಲು ಮೂರು ಇಟ್ಟಿದ್ದರು. ತರಲು ಹೋದರೆ ಕಾರ್ಯದರ್ಶಿ ಸುನೀಲಕುಮಾರ ನಮಗಾಗಿ ಬೇರೆಯೇ ಒಂದು ಪುಸ್ತಕ ಎತ್ತಿಟ್ಟಿದ್ದ. ಯಾವುದು ಅಂತೀ? ಉಪ್ಪಿನಕಾಯಿ ಹಾಕುವ ಬಗೆ! "ಸರ, ನಕ್ಷತ್ರದ ಯುದ್ಧ, ಸಾವಿರ ಹಡಗ, ಇವೆಲ್ಲಾ ಕಾಲೇಜ್ ಹುಡುಗರಿಗೆ ಸೈ. ಕೌದಿ ಹೊಲಿಯೋರಿಗಿ ಬರೇ ಕೇಳಿದ್ರ ತಲಿಗಿ ಹತ್ತಂಗಿಲ್ರಿ" ಎಂದ. ಲಾಲಮ್ಮ, ನನ್ನ ಕಿವಿ ಕಾದುಹೋದವು. ಸಗರದ ವಾಚನಾಲಯದಲ್ಲಿ ಕೇರಿಯವನೆಂದು ನಮ್ಮಪ್ಪನನ್ನು ಒಳಗೆ ಬಿಡುತ್ತಿರಲಿಲ್ಲ. ಆತ ಓಣಿಯಲ್ಲಿ ನಿಂತು, ಒಳಗೆ ಯಾರೋ ದೊಡ್ಡದಾಗಿ ಓದುತ್ತಿದ್ದ ಪತ್ರಿಕೆಯನ್ನು ಕಿಟಕಿಯಿಂದ ಕೇಳಿಸಿಕೊಂಡು, ಮನೆಗೆ ಬಂದು ಮೊದಲ ಪುಟದಿಂದ ಕಡೆಯ ಪುಟದವರೆಗೆ ನಮಗೆ ಒಪ್ಪಿಸುತ್ತಿದ್ದ. ಹತ್ತಿಯ ಧಾರಣೆ ಕೂಡ ತಪ್ಪುತ್ತಿರಲಿಲ್ಲ. ಬರೇ ಕೇಳಿದವರಿಗೆ ತಲೆಗೆ ಹತ್ತುವುದಿಲ್ಲ ಎಂಬ ಮಾತನ್ನು ಆತನ ಮಗನೆದುರು ಯಾರೂ ಆಡಬಾರದು. ಇದನ್ನೇ ಸುನೀಲಕುಮಾರನಿಗೆ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ. ನಮ್ಮ ಬಳಗ ಪುಸ್ತಕ ಆರಿಸುವ ಬಗೆಯನ್ನೂ ಹೇಳಿದೆ: ಒಬ್ಬರು ಮೊದಲ ಅಧ್ಯಾಯ ಓದಬೇಕು, ಉಳಿದವರು ಹೊಲಿಯುತ್ತಿರಬೇಕು, ಯಾವ ಪುಸ್ತಕಕ್ಕೆ ಸೂಜಿಗಳು ತಾವಾಗಿ ನಿಲ್ಲುತ್ತವೆಯೋ ಅದು ನಮ್ಮದು. ಅವನು ನಕ್ಕು, "ಹಂಗಾದ್ರ ಮೂರೂ ಒಯ್ಯಿರಿ, ನಿಮ್ಮ ಸೂಜಿ ಏನ ಅಂತಾವ ನೋಡೂಣು" ಎಂದ. ಮೂರೂ ಕನ್ನಡಕ್ಕೆ ಬಂದ ಕಾದಂಬರಿಗಳು, ಮೂರೂ ದಪ್ಪ.

ಅದರ ಮುಂದಿನ ಭಾನುವಾರ ನುಜ್ಹತ ಮೊದಲು ಎಲ್ಲರಿಗೂ ತಿಳಿಯ ಹೇಳಿದಳು. ಮದೀನಾಬೀ ಅಕ್ಕನ ಸೊಸೆ ವಿಜ್ಞಾನ ಓದಿದವಳಲ್ಲವೇ, ಚೆನ್ನಾಗಿಯೇ ಹೇಳಿದಳು. ಇಂಥ ಕಥೆಗೆ ಸ್ಪೇಸ್ ಆಪೆರಾ ಅನ್ನುತ್ತಾರೆ, ಆಪೆರಾ ಅಂದರೆ ರಾಜ ರಾಣಿಯರು ವೇಷ ಹಾಕಿ ಹಾಡಿನಲ್ಲೇ ಜಗಳವಾಡುವ ದೊಡ್ಡ ನಾಟಕ ಎಂದಳು. ದುರಗಮ್ಮ ಸುರಪುರದವಳು, ಅವಳ ಅಣ್ಣಂದಿರೆಲ್ಲ ಆಟದಲ್ಲಿ ಬಣ್ಣ ಹಚ್ಚಿದವರು. "ಹಂಗಂದ್ರ ದೊಡ್ಡಾಟ ಅನ್ನವಾ! ಚುಕ್ಕಿಯೊಳಗ ದೊಡ್ಡಾಟ. ಇಷ್ಟಕ್ಕ ಯಾಕ ಅಷ್ಟ ಇಂಗ್ಲೀಷು?" ಎಂದಳು. ಅಲ್ಲಿಂದ ನಮ್ಮ ಬಳಗದಲ್ಲಿ ಅದರ ಹೆಸರು ಚುಕ್ಕಿ ದೊಡ್ಡಾಟ.

ಮೊದಲ ಎರಡನ್ನು ನಾನು ಓದಿದೆ. ಒಂದರಲ್ಲಿ ಒಬ್ಬ ವಿಜ್ಞಾನಿ ಹಡಗಿನಲ್ಲಿ ಒಬ್ಬನೇ ಕುಳಿತು ವಿಚಾರ ಮಾಡುತ್ತಾನೆ. ಸೂಜಿಗಳು ಇನ್ನಷ್ಟು ಬಿರುಸಾಗಿ ಓಡಿದವು. ಎರಡನೆಯದರ ಮೇಲೆ ನನಗೆ ಬಹಳ ಭರವಸೆಯಿತ್ತು. ಅದರಲ್ಲಿ ಬೆಳಕಿನ ಗಾಳಿಗೆ ಓಡುವ ಹಡಗು, ಊರಗಲದ ಹಾಯಿ, ಆ ಹಾಯಿ ಹರಿದಾಗ ತೇಪೆ ಹಾಕುವ ಹೆಂಗಸರು. ನಮ್ಮವರಿಗೆಂದೇ ಬರೆದಂತಿದೆ ಅಂದುಕೊಂಡು ಭಾವ ತುಂಬಿ ಓದಿದೆ. ಮದೀನಾಬೀ ಅಕ್ಕ ದಾರ ಕಚ್ಚಿ ಹರಿದು, "ಭಾಯಿ, ಇಲ್ಲಿ ಹೊಲಿಯೋದೇ ಆಗ್ಯಾದ. ಆಸಮಾನಕ್ಕ ಹೋದ್ರೂ ತ್ಯಾಪಿ ಹಾಕೋದು ತಪ್ಪಂಗಿಲ್ಲೇನು? ಇಡ್ರಿ ಅದನ್ನ" ಎಂದಳು. ದುರಗಮ್ಮ ಸುಮ್ಮನಿದ್ದಾಳೆಯೇ, "ಮತ್ತ ಸರ, ನೀವು ಓದಿದ್ರ ಜಾಮೀನು ತಿರಸ್ಕಾರ ಆದಂಗ ಕೇಳ್ತದ್ರಿ" ಎಂದು ಸೇರಿಸಿದಳು. ಪಡಸಾಲೆಯೆಲ್ಲ ನಕ್ಕಿತು. ನಾನು ಉಳಿದ ಪುಸ್ತಕವನ್ನು ನುಜ್ಹತಳ ಕೈಗಿಟ್ಟೆ.

ಮೂರನೆಯದು ಹೀಗೆ ಶುರುವಾಗುತ್ತದೆ. ಒಂದು ಸಣ್ಣ ಕಲ್ಲುಗುಡ್ಡದಂಥ ಗ್ರಹ. ಸುತ್ತ ಚಕ್ರವರ್ತಿಯ ಸಾವಿರ ಹಡಗುಗಳು ಮುತ್ತಿಗೆ ಹಾಕಿವೆ. ಕಪ್ಪ ಕೊಡು, ಇಲ್ಲವೇ ಸುಡುತ್ತೇವೆ ಎಂದು ಹೇಳಲು ದೂತ ಬಂದು ಬಾಗಿಲಲ್ಲಿ ನಿಂತಿದ್ದಾನೆ. ಒಳಗೆ ಮುದಿ ರಾಣಿ ಮೊಮ್ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದಾಳೆ. ದೂತನನ್ನು ನೋಡಿ, ಜಡೆ ಆಗಲಿ, ನಿಲ್ಲು ಎನ್ನುತ್ತಾಳೆ. ಜಡೆ ಹೆಣೆಯುವುದು ನಾಲ್ಕು ಪುಟ. ಆ ನಾಲ್ಕು ಪುಟದುದ್ದಕ್ಕೂ ಸಾವಿರ ಹಡಗುಗಳು ಕಾಯುತ್ತವೆ. ಲಾಲಮ್ಮ, ನಾನು ಪುಸ್ತಕದ ಕಡೆ ನೋಡಲಿಲ್ಲ, ಕೈಗಳನ್ನು ನೋಡುತ್ತಿದ್ದೆ. ಮೊದಲು ದುರಗಮ್ಮನ ಸೂಜಿ ನಿಂತಿತು. ಆಮೇಲೆ ಒಂದೊಂದಾಗಿ ಎಲ್ಲವೂ ನಿಂತವು. ಮದೀನಾಬೀ ಅಕ್ಕನ ಕೈ ಮಾತ್ರ ಗಾಳಿಯಲ್ಲಿ ಮೂರು ಎಳೆ ಜಡೆ ಹೆಣೆಯುತ್ತಿತ್ತು, ಅವಳಿಗೇ ಗೊತ್ತಿಲ್ಲದಂತೆ. "ಈಕಿ ನಮ್ಮ ಸುರಪುರದ ಗುಡ್ಡದ ಮ್ಯಾಲ ಕುಂತಾಳ ನೋಡವಾ! ಕೊಟ್ಟಳೋ ಇಲ್ಲೋ ಕಪ್ಪ? ಓದ, ಯಾಕ ನಿಂತಿ?" ಎಂದು ದುರಗಮ್ಮ ನುಜ್ಹತಳ ಮೊಣಕಾಲು ಅಲ್ಲಾಡಿಸಿದಳು. ಬಾಹ್ಯಾಕಾಶದ ಕಥೆಗಳ ಬಗ್ಗೆ ದೊಡ್ಡವರು ಬರೆದ ವಿಮರ್ಶೆಗಳನ್ನು ನಾನೂ ಓದಿದ್ದೇನೆ, ಅವುಗಳಲ್ಲಿ ಯಾರೂ ಜಡೆಯ ಮಾತೆತ್ತಿಲ್ಲ. ಸಾವಿರ ಹಡಗಿಗಿಂತ ಒಂದು ಜಡೆಗೆ ಹೆಚ್ಚು ತೂಕವಿದೆ ಎಂದು ಕಂಡುಕೊಂಡ ಆ ಕಾದಂಬರಿಕಾರನೂ ದೊಡ್ಡವನು, ಅದನ್ನು ಒಂದೇ ಕೇಳುವಿಕೆಗೆ ಹಿಡಿದ ಇವರೂ ದೊಡ್ಡವರು. ಸುನೀಲಕುಮಾರನಿಗೆ ಅಂದೇ ಫೋನ್ ಮಾಡಿ, ಸೂಜಿಗಳು ಏನೆಂದವು ಎಂದು ತಿಳಿಸಿದೆ.

ಗಡಿಬಿಡಿ ಆದದ್ದು ಮೊನ್ನೆ ಭಾನುವಾರ, ಎರಡನೆಯ ಅಧ್ಯಾಯದಲ್ಲಿ. ಹೆಸರುಗಳು, ಲಾಲಮ್ಮ! ನಾಲಗೆ ಹೊರಳದ ಹೆಸರುಗಳು, ಮನುಷ್ಯರಿಗೆ, ಹಡಗುಗಳಿಗೆ, ಚಂದ್ರರಿಗೆ. ಯಾರು ಯಾರ ಕಡೆ ಎಂದು ಯಾರಿಗೂ ತಿಳಿಯದು. ನೀನಿದ್ದರೆ ಓದುವ ಮೊದಲೇ ಎಲ್ಲರಿಗೂ ನಮ್ಮ ಹೆಸರಿಟ್ಟು ಕೂಡುತ್ತಿದ್ದೆ. ಒಳ್ಳೆಯವರಿಗೆ ಓಣಿಯವರ ಹೆಸರು, ಕೆಟ್ಟವರಿಗೆ ಅಡುಗೆ ಮನೆಯ ಸಾಮಾನಿನ ಹೆಸರು. ಹಿಂದಿನ ಒಂದು ಕಾದಂಬರಿಯಲ್ಲಿ ಯಾವುದೋ ದೂರ ದೇಶದ ದಳಪತಿ ನಿನ್ನ ಬಾಯಲ್ಲಿ ಜರಡಿ ಸಾಹೇಬನಾಗಿದ್ದ, ಅವನ ಕಪಟಿ ತಮ್ಮ ಮೊರದ ಸಾಹೇಬ. ಪಾಪ, ನುಜ್ಹತಳಿಗೆ ಹೆಸರಿಡಬೇಕೆಂದು ಗೊತ್ತಿತ್ತು, ಈ ನಿಯಮ ಗೊತ್ತಿರಲಿಲ್ಲ. ಅವಸರದಲ್ಲಿ ರಾಣಿಗೆ ದ್ರೋಹ ಮಾಡುವ ನೌಕಾಧಿಪತಿಗೆ ಗಿರಣಿಯ ಅಂಬ್ರಪ್ಪನ ಹೆಸರಿಟ್ಟಳು. ಅಧ್ಯಾಯದ ಕೊನೆಗೆ ಅಂಬ್ರಪ್ಪನ ಹಡಗು ಧಗಧಗ ಉರಿದುಹೋಯಿತು. ಹೆಂಗಸರು ಅದನ್ನೇ ಆಡಿಕೊಳ್ಳುತ್ತ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಾರೆ. ಸೋಮವಾರ ಅಂಬ್ರಪ್ಪ ಮೈತುಂಬ ಹಿಟ್ಟಿನೊಂದಿಗೆ ಮದೀನಾಬೀ ಅಕ್ಕನ ಬಾಗಿಲಿಗೆ ಬಂದ. ನ್ಯಾಯಕ್ಕೆ ನನ್ನನ್ನು ಕರೆಸಿದರು. "ಸರ, ನಾ ಯಾರ ಹಿಟ್ಟಿಗಿ ಮೋಸ ಮಾಡೀನ್ರಿ? ನಾ ಯಾವ ರಾಣಿಗಿ ಕೈ ಕೊಟ್ಟೀನಿ? ಸಣ್ಣ ಹುಡುಗ್ರು ಸೈತ 'ಹಡಗ ಸುಟ್ಟೋತ್ರೀ' ಅಂತಾವ!" ನುಜ್ಹತ ಅಳುವಂತಾದಳು. ಅವನಿಗೆ ಸಮಾಧಾನವಾಗಲೆಂದು ಆ ಅಧ್ಯಾಯವನ್ನೇ ಮತ್ತೆ ಓದಿಸಿದೆವು. ಅವನು ಹೊಸ್ತಿಲ ಮೇಲೆ ಕುಳಿತು ಪೂರ್ತಿ ಕೇಳಿದ. ಕೊನೆಗೆ, "ಆ ಸೂಳೆಮಗಂದು ಸುಟ್ಟಿದ್ದು ಛಲೋನೇ ಆತು ಬಿಡ್ರಿ. ಆದ್ರ ಹೆಸರು ತೆಗೀರಿ" ಎಂದ.

ಇಷ್ಟೇ ಸುದ್ದಿ. ಎಣ್ಣೆಯ ಪದಾರ್ಥ ಮುಟ್ಟಬೇಡ. ಬಿಸಿನೀರು ತಪ್ಪಿಸಬೇಡ. ಪಂಚಶೀಲಾಳಿಗೆ ನನ್ನ ಆಶೀರ್ವಾದ ಹೇಳು, ನನ್ನನ್ನು ಅಟ್ಟಿದ ಮೇಲೂ ಆಶೀರ್ವಾದವೇ ಇದೆ. ಬಳಗದವರೆಲ್ಲ ನಿನ್ನನ್ನು ಕೇಳಿದ್ದಾರೆ. ಮದೀನಾಬೀ ಅಕ್ಕ ನಮಾಜಿನಲ್ಲಿ ನಿನ್ನ ಗಂಟಲಿಗೂ ದುವಾ ಮಾಡುತ್ತಿದ್ದಾಳೆ. ಬುದ್ಧನ ಕರುಣೆ ನಿನ್ನ ಮೇಲಿರಲಿ. ಜೈಭೀಮ.

ನಿನ್ನ
ಮಹಾದೇವಪ್ಪ

ತಾ.ಕ.: ಗಿರಣಿಯ ಬೆಲ್ಟು ತರಲು ಅಂಬ್ರಪ್ಪ ಕಲಬುರಗಿಗೆ ಹೊರಟು ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ, ಈ ಪತ್ರ ಅವನ ಕೈಯಲ್ಲೇ ಬರುತ್ತದೆ. ಸೋಮವಾರ ಕಡೆಗೂ ನಿನ್ನ ಚೀಟಿಯನ್ನು ಬಳಗದ ಮುಂದೆ ಓದಿದೆ. ಓದಲು ನುಜ್ಹತ ಒಪ್ಪಿದ್ದಾಳೆ, ಕುರ್ಚಿಗೆ ಒಪ್ಪಿಲ್ಲ. ನೆಲದ ಮೇಲೆ ಕುಳಿತೇ ಓದುತ್ತಾಳಂತೆ. "ಕುರ್ಚಿ ಹೆಸರು ಇಡೋರದು. ಹೆಸರು ಇಡಾಕ ಗಂಟಲ ಯಾಕ ಬೇಕು?" ಎಂದಳು ಮದೀನಾಬೀ ಅಕ್ಕ, ಎಲ್ಲರೂ ಹೂಂ ಅಂದರು. ಅದಕ್ಕೇ ಪುಸ್ತಕವನ್ನೂ ಕಳಿಸುತ್ತಿದ್ದೇನೆ. ಇರುವುದು ಒಂದೇ ಪ್ರತಿ. ನೀನು ಎಲ್ಲರಿಗೂ ಹೆಸರಿಟ್ಟು ಅದನ್ನು ತರುವ ತನಕ ರಾಣಿ ಕಪ್ಪ ಕೊಟ್ಟಳೋ ಇಲ್ಲವೋ ಶಹಾಪುರದಲ್ಲಿ ಯಾರಿಗೂ ತಿಳಿಯುವುದಿಲ್ಲ, ದುರಗಮ್ಮ ನನಗೆ ರೊಟ್ಟಿ ನಿಲ್ಲಿಸುವ ಬೆದರಿಕೆ ಹಾಕಿದ್ದಾಳೆ. ಅಂಬ್ರಪ್ಪನಿಗೆ ಒಳ್ಳೆಯದೊಂದು ಹಡಗು ನೋಡಿ ಕೊಡು. ರಾಣಿಗೆ ಮಾತ್ರ ನೀನು ಹೆಸರು ಹುಡುಕಬೇಡ, ಬಳಗವೇ ಇಟ್ಟಾಗಿದೆ. ಒಳ್ಳೆಯವರಿಗೆ ಓಣಿಯವರ ಹೆಸರು ಎಂಬುದು ನಿನ್ನದೇ ನಿಯಮ, ಲಾಲಮ್ಮ. ತಕರಾರಿದ್ದರೆ ಬಂದು, ನಿನ್ನ ಕುರ್ಚಿಯ ಮೇಲೆ ಕುಳಿತು, ಬರೆದು ತೋರಿಸು.