ಕಾಯಿ ಕೆಳಗಿನ ಮೊದಲ ಸಂಚಿಕೆ

ಜನವರಿ ೨೨, ಗುರುವಾರ.

ನಮ್ಮ ದಿನಪತ್ರಿಕೆಯ ಐವತ್ತನೇ ವರ್ಷದ ಸಂಚಿಕೆ ನಾಳೆ ಸಂಜೆ ಅಚ್ಚಿಗೆ ಹೋಗುತ್ತದಂತೆ. ಅದರ ಚರಿತ್ರೆಯಲ್ಲಿ ಮಾಯಣ್ಣನ ಹೆಸರೇ ಇಲ್ಲ! ಮೊದಲ ದಿನದಿಂದ ಹೊನ್ನವಳ್ಳಿಗೆ ಸೈಕಲ್ಲಿನಲ್ಲಿ ಪತ್ರಿಕೆ ಹೊತ್ತವನು, ಬರುವಾಗ ಹಳ್ಳಿಗಳ ಸುದ್ದಿ ತಂದವನು.

"ಮೊದಲ್ನೇ ಸಂಚಿಕೇಲಿ ಅವರ ಫೋಟೊ ಇತ್ತು ಅಂತೀರಲ್ಲ, ತಂದ್ಕೊಡಿ, ಹಾಕ್ತೀನಿ," ಎಂದ ಸಂಪಾದಕ ಕಲ್ಲೇಶ್.

ಎಲ್ಲಿಂದ ತರಲಿ? ಅಟ್ಟದ ದೂಳು ಕೆಳಗಿನ ಒಲೆಯ ಮೇಲೆ ಉದುರುತ್ತದೆಂದು, ಮೊದಲ ಸಂಚಿಕೆಯೂ ಸೇರಿ ಹಳೆಯ ಪತ್ರಿಕೆಗಳನ್ನೆಲ್ಲ ಅಟ್ಟದಲ್ಲಿ ಹಾಸಿ, ಮೇಲೆ ತೆಂಗಿನಕಾಯಿ ಸುರಿಸಿದವನು ನಾನೇ.

"ಎಂಟು ಸಾವಿರ ಕಾಯಿ ಕಣ್ರೀ. ಒಣಗಿ ಕೊಬ್ಬರಿ ಆಗಗಂಟ ಕದಲಿಸಂಗಿಲ್ಲ," ಎಂದಳು ನನ್ನಾಕೆ.

ಸಂಜೆ ಮಾಯಣ್ಣನ ಹೆಂಡತಿ ಪುಟ್ಟಗೌರಮ್ಮನ ಫೋನು. "ನಮ್ಮೆಜಮಾನ್ರ ಪಟ ಬತ್ತದಂತಲ್ಲಣ್ಣಯ್ಯ?"

"ಬತ್ತದೆ ಕಣಮ್ಮ" ಎಂದುಬಿಟ್ಟೆ.

ಬೆಳಗ್ಗೆ ಅಟ್ಟಕ್ಕೆ ಏಣಿ ಇಡುವುದೇ ಸೈ. ಇವಳು ಬಯ್ದರೆ ಬಯ್ಯಲಿ. ಆದರೆ ಆ ಸಂಚಿಕೆಯನ್ನು ಯಾವ ಮೂಲೆಗೆ ಹಾಸಿದೆನೋ, ಹಾಳು ನೆನಪು…